ಮೂಡಲಗಿಯ ಎರಡನೇ ಹಾಳೆ

ಗೋಕಾಕದ ರಕ್ತ ತಪಾಸಣೆಯ ಲ್ಯಾಬೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಆಗ ನನ್ನ ಕೆಲಸ. ಸರ್ವರ್ ಗೋಕಾಕದಲ್ಲಿತ್ತು. ಹುಕ್ಕೇರಿ ಮತ್ತು ಮೂಡಲಗಿ ಶಾಖೆಗಳಲ್ಲಿ ಒಂದೊಂದು ಕಂಪ್ಯೂಟರು, ಒಂದೊಂದು ಪ್ರಿಂಟರು. ರಕ್ತ ಬಸ್ಸಿನಲ್ಲಿ ಬರುತ್ತಿತ್ತು, ರಿಪೋರ್ಟು ಫೋನಿನ ತಂತಿಯಲ್ಲಿ ಹೋಗುತ್ತಿತ್ತು. ಗೋಕಾಕ, ಹುಕ್ಕೇರಿಗಳಲ್ಲಿ ಒಂದೇ ಹಾಳೆಗೆ ಮುಗಿಯುವ ರಿಪೋರ್ಟು ಮೂಡಲಗಿಯಲ್ಲಿ ಮಾತ್ರ ಎರಡನೇ ಹಾಳೆಗೆ ಇಳಿಯುತ್ತಿತ್ತು. ಅಲ್ಲಿಂದ ಫೋನು ಬಂದಾಗಲೆಲ್ಲ ನಮ್ಮ ಮ್ಯಾನೇಜರರು, ‘ಇಲ್ಲಿ ಬರೋಬ್ಬರಿ ಬರತೈತಿ. ಕುಣಿಯಾಕ ಬರಲಾರದಾಕಿ ನೆಲ ಡೊಂಕ ಅಂದ್ಲಂತ’ ಎಂದು ಇಟ್ಟುಬಿಡುತ್ತಿದ್ದರು. ತಿಂಗಳುಗಟ್ಟಲೆ ಹಾಗೇ ನಡೆಯಿತು. ಆ ಗಾದೆಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಕೊನೆಗೆ ನನ್ನನ್ನು ಕಳಿಸಿದರು. ಅಕ್ಕನನ್ನು ಕೊಟ್ಟದ್ದು ಹತ್ತಿರದ ಮಸಗುಪ್ಪಿಗೆ. ಮಧ್ಯಾಹ್ನ ಬುತ್ತಿ ತರುತ್ತೇನೆ ಎಂದಿದ್ದಳು. ದೀಪಾವಳಿಯ ಹೊತ್ತಿಗೆ ಸುಸ್ತು ಎಂದು ಅವಳೂ ಇದೇ ಶಾಖೆಯಲ್ಲಿ ರಕ್ತ ಕೊಟ್ಟಿದ್ದಳು. ಊರ ಡಾಕ್ಟರು ರಿಪೋರ್ಟು ನೋಡಿ ರಕ್ತ ಕಡಿಮೆ ಇದೆ ಅಂದಿದ್ದರು. ಅಂದಿನಿಂದ ಶೇಂಗಾ ಬೆಲ್ಲ ತಿನ್ನುತ್ತಲೇ ಇದ್ದಳು, ಬಿಳಿಚಿಕೊಳ್ಳುತ್ತಲೂ ಇದ್ದಳು.

ಕೌಂಟರಿನಲ್ಲಿದ್ದ ಹೆಣ್ಣುಮಗಳು ಎರಡನೇ ಹಾಳೆಗಳನ್ನೆಲ್ಲ ಒಪ್ಪವಾಗಿ ಕಟ್ಟಿ ಇಟ್ಟಿದ್ದರು.

‘ಇದರಾಗ ಏನ್ ಇರತೈತ್ರಿ ಸರ, ತಳದಾಗಿನ ಥ್ಯಾಂಕ್ಸ್ ಅಷ್ಟ. ಮಂದಿಗಿ ಮೊದಲನೇದು ಕೊಡತೇನ್ರಿ. ಇವು ಹುಡುಗೂರಿಗೆ ಲೆಕ್ಕಾ ಮಾಡಾಕ ಆಗತಾವು.’

ನಾನೂ ತಲೆದೂಗಿದೆ. ಒಂದು ಮಗ್ಗುಲು ಖಾಲಿ ಇರುವ ಹಾಳೆಯನ್ನು ನಮ್ಮ ಕಡೆ ಯಾರೂ ಎಸೆಯುವುದಿಲ್ಲ.

ತೊಂದರೆ ದೊಡ್ಡದೇನಲ್ಲ. ರಿಪೋರ್ಟು ಎಲ್ಲಿ ಅಚ್ಚಾಗುತ್ತದೋ ಅಲ್ಲಿನ ಪ್ರಿಂಟರಿನ ಅಳತೆಯನ್ನೇ ಹಿಡಿಯುತ್ತಿತ್ತು. ಮೂಡಲಗಿಯದು ಅಮೆರಿಕದವರ ಕಾಗದದ ಅಳತೆಗೆ ನಿಂತಿತ್ತು, ನಮ್ಮ ಎ-ಫೋರ್‌ಗಿಂತ ಬೆರಳಗಲದಷ್ಟು ಗಿಡ್ಡ. ಅದನ್ನು ಬದಲಿಸಿದೆ. ಪರೀಕ್ಷಿಸಲು ಉದ್ದನೆಯದೊಂದು ರಿಪೋರ್ಟು ಬೇಕಾಗಿತ್ತು. ಕಂಡವರ ರೋಗವನ್ನು ಯಾಕೆ ಬಿಚ್ಚಿ ನೋಡುವುದು ಎಂದು ಅಕ್ಕನದನ್ನೇ ತೆಗೆದೆ.

ಒಂದೇ ಹಾಳೆಗೆ ಬಂತು. ತಳ ನೋಡಿದೆ. ಥ್ಯಾಂಕ್ಸಿನ ಮೇಲೆ ಇಂಗ್ಲಿಷಿನಲ್ಲಿ ನಮ್ಮ ಲ್ಯಾಬಿನ ಡಾಕ್ಟರರ ಒಂದು ಸಾಲು ಇತ್ತು: ರಕ್ತಕಣಗಳು ಸಹಜವಾಗಿಲ್ಲ, ತಡಮಾಡದೆ ದೊಡ್ಡ ಆಸ್ಪತ್ರೆಗೆ ತೋರಿಸಿ. ಅಕ್ಕನ ಮನೆಯಲ್ಲಿದ್ದ ಹಾಳೆಯನ್ನು ನಾನೇ ಓದಿ ಹೇಳಿದ್ದೆ. ಅದರಲ್ಲಿ ಈ ಸಾಲು ಇರಲಿಲ್ಲ.

ನನಗೆ ಏನೂ ಅನಿಸಲಿಲ್ಲ. ಏನೂ ಅನಿಸುತ್ತಿಲ್ಲವಲ್ಲ ಎಂದು ಹೆದರಿಕೆಯಾಯಿತು. ಸ್ಕೇಲು ತೆಗೆದುಕೊಂಡು ಅಂಚು ಅಳೆದೆ. ಇನ್ನೊಂದು ಪ್ರತಿ ತೆಗೆದು ಅದನ್ನೂ ಅಳೆದೆ. ಕಟ್ಟಿಟ್ಟ ಹಾಳೆಗಳನ್ನು ಒಂದೊಂದಾಗಿ ನೋಡಿ, ಥ್ಯಾಂಕ್ಸಿನ ಮೇಲೆ ಬರಹ ಇದ್ದವರಿಗೆ ಇವತ್ತೇ ತಿಳಿಸಿರಿ ಎಂದೆ. ಆ ಹೆಣ್ಣುಮಗಳು ಅಲ್ಲೇ ನೆಲಕ್ಕೆ ಕುಳಿತು ಗಂಟು ಬಿಚ್ಚತೊಡಗಿದರು.

ಅಷ್ಟರಲ್ಲಿ ಅಕ್ಕ ಬಂದಳು. ಎರಡು ಮೆಟ್ಟಿಲಿಗೇ ಏದುಸಿರು.

‘ರಿಪೇರಿ ಆತೇನೋ ತಮ್ಮಾ?’

‘ಆತು.’

‘ಹಂಗಾರ ಉಣ್ಣು ಬಾ.’

ಉಂಡೆ. ಬದನೆಕಾಯಿ ಪಲ್ಯ ಇತ್ತು, ರುಚಿ ಗೊತ್ತಾಗಲಿಲ್ಲ. ಕೈತೊಳೆದು ಬಂದು, ‘ಅಕ್ಕಾ, ನಾಳಿ ಬೆಳಗಾವಿ ದವಾಖಾನಿಗಿ ಹೋಗೂಣು’ ಅಂದೆ.

‘ಯಾಕೋ?’

‘ನಿನ್ನ ರಿಪೋರ್ಟಿನಾಗ ಒಂದ್ ಸಾಲು ಬಿಟ್ಟಿತ್ತು.’

ಅವಳು ಡಬ್ಬಿಯ ಮುಚ್ಚಳ ಹಾಕುತ್ತ ನಕ್ಕಳು.

‘ಒಂದ್ ಸಾಲಿನ ಸಂಬಂಧ ಬೆಳಗಾವಿತನಾ ಹೋಗಬೇಕೇನೋ ಹುಚ್ಚಾ?’