ಎಡಕ್ಕೆ ಜಾರುವ ಬೆಲ್ಟ್

ನಮ್ಮ ಮನೆಯವರು ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವ ಖಾಸಗಿ ಬಸ್ಸಿಗೆ ಹದಿನೆಂಟು ವರ್ಷ ಡ್ರೈವರಾಗಿದ್ದರು. ಎಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ ಒಂದು ಬೆಳಿಗ್ಗೆ, ತೀರ್ಥಹಳ್ಳಿಯಲ್ಲಿ ಬಸ್ಸು ನಿಲ್ಲಿಸಿ ಜನರೆಲ್ಲ ಇಳಿದ ಮೇಲೆ, ಎದೆ ಹಿಡಿದುಕೊಂಡು ಸ್ಟೇರಿಂಗಿನ ಮೇಲೆ ಒರಗಿದರು. ಜೀವವೇನೋ ಉಳಿಯಿತು. ಡ್ರೈವರ್ ಕೆಲಸ ಅಲ್ಲಿಗೆ ಮುಗಿಯಿತು. ಆಗ ಅವರಿಗೆ ನಲವತ್ತಾರು.

"ದಿನಾ ಅರ್ಧ ಗಂಟೆ ನಡೀಬೇಕು. ಮಾತ್ರೆಯಷ್ಟೇ ಅದೂ ಮುಖ್ಯ," ಎಂದರು ಸಾಗರದ ನಮ್ಮ ಡಾಕ್ಟರು.

ಇವರು ನಾಲ್ಕು ದಿನ ನಡೆದರು. ಐದನೆಯ ದಿನ ಅವರದೇ ಬಸ್ಸು ಹಿಂದಿನಿಂದ ಬಂದು ಪಕ್ಕದಲ್ಲಿ ನಿಂತಿತಂತೆ. ಹೊಸ ಡ್ರೈವರು ಕಿಟಕಿಯಿಂದ ಬಗ್ಗಿ, "ಅಣ್ಣಾ, ಎಂತಕ್ಕೆ ನಡ್ಕಂಡು ಹೋಗ್ತೀರಿ? ಹತ್ಕಳಿ," ಎಂದನಂತೆ. ಅವನು ಪ್ರೀತಿಯಿಂದಲೇ ಕರೆದಿರಬೇಕು. ಇವರು ಮನೆಗೆ ಬಂದು ಚಪ್ಪಲಿ ಬಿಟ್ಟವರು ಮತ್ತೆ ರಸ್ತೆಗೆ ಇಳಿಯಲಿಲ್ಲ.

ನಾನು ಡಾಕ್ಟರ ಬಳಿ ಹೋಗಿ ಅತ್ತೆ. ಅವರು ತಮ್ಮ ಮನೆಯ ಮೂಲೆಯಲ್ಲಿ ಬಿದ್ದಿದ್ದ ಟ್ರೆಡ್‌ಮಿಲ್ ಕಳಿಸಿಕೊಟ್ಟರು. ಅಂಥದ್ದನ್ನು ನಮ್ಮ ಬೀದಿಯಲ್ಲಿ ಯಾರೂ ಕಂಡಿರಲಿಲ್ಲ. ಕರೆಂಟಿನದಲ್ಲ, ಎರಡು ರೋಲರ್, ಅವುಗಳ ಮೇಲೆ ಕಪ್ಪು ಬೆಲ್ಟು, ಹಿಡಿದುಕೊಳ್ಳಲು ಒಂದು ಕಂಬಿ. ಕಾಲಿನಿಂದ ಬೆಲ್ಟನ್ನು ಹಿಂದಕ್ಕೆ ತಳ್ಳುತ್ತ ನಡೆಯಬೇಕು. ನಡೆದರೆ ಬೆಲ್ಟು ಎಡಕ್ಕೆ ಜಾರಿ ಚೌಕಟ್ಟಿಗೆ ಉಜ್ಜಿ ಕಿರುಗುಟ್ಟುತ್ತಿತ್ತು.

ಆ ಸದ್ದು ಕೇಳಿದ್ದೇ ಇವರ ಮುಖ ಬದಲಾಯಿತು. ಎಷ್ಟೋ ತಿಂಗಳ ಮೇಲೆ ಸ್ಪ್ಯಾನರ್ ಹುಡುಕಿ ತೆಗೆದರು. ನೆಲದ ಮೇಲೆ ಗೋಣಿ ಹಾಸಿ ಮಲಗಿ, ನನ್ನನ್ನೂ ಬಗ್ಗಿಸಿ ತೋರಿಸಿದರು. "ನೋಡು, ಹಿಂದೆ ಎರಡು ಬೋಲ್ಟ್ ಇದಾವೆ. ಬೆಲ್ಟ್ ಎಡಕ್ಕೆ ಹೋದ್ರೆ ಎಡಗಡೇದು ಬಿಗಿ ಮಾಡ್ಬೇಕು. ಕಾಲು ಸುತ್ತು ಸಾಕು. ಬೆಲ್ಟ್ ತಿರುಗಿಸಿ ನೋಡು, ಆಮೇಲೆ ಮತ್ತೆ ಕಾಲು ಸುತ್ತು. ಆತುರ ಮಾಡಿದ್ರೆ ಬಲಕ್ಕೆ ಓಡತ್ತೆ."

ಅಂದಿನಿಂದ ದಿನವೂ ಅದೇ ಕೆಲಸ. ಬೆಲ್ಟಿನಡಿಯ ದೂಳು ಒರೆಸುವುದು, ರೋಲರಿನ ಬೇರಿಂಗಿಗೆ ಗ್ರೀಸು ಹಚ್ಚುವುದು, ಬೋಲ್ಟು ತಿರುಗಿಸುವುದು. ನಡೆಯುವುದು ಐದು ನಿಮಿಷ. ಅಷ್ಟರಲ್ಲಿ ಬೆಲ್ಟು ಮತ್ತೆ ಜಾರುತ್ತಿತ್ತು. ಹಳೇ ಯಂತ್ರ, ಏನು ಮಾಡುವುದು ಎಂದುಕೊಂಡೆ. ಒಂದು ಸಂಜೆ ಅದು ಸರಿಯಾಗಿ ಓಡುತ್ತಿದ್ದಾಗ, ಆ ಜಾಗ ಗುರುತಿರಲಿ ಎಂದು ಎಡಗಡೆಯ ಬೋಲ್ಟಿಗೂ ಚೌಕಟ್ಟಿಗೂ ಸೇರಿಸಿ ಎಲೆಯಡಿಕೆಯ ಸುಣ್ಣದಲ್ಲಿ ಒಂದು ಗೆರೆ ಎಳೆದೆ. ಮರುದಿನ ಅವರು ನಡೆಯುವ ಮೊದಲೇ ಬಗ್ಗಿ ನೋಡಿದರೆ ಗೆರೆ ಎರಡು ತುಂಡಾಗಿತ್ತು. ಬೋಲ್ಟು ಅರ್ಧ ಸುತ್ತು ಸಡಿಲ.

"ನೀವೇ ಬಿಚ್ಚಿದ್ದಾ?" ಎಂದು ಕೇಳಿದೆ.

ಅವರು ಸುಳ್ಳು ಹೇಳಲಿಲ್ಲ. ಸ್ಪ್ಯಾನರನ್ನು ಬಟ್ಟೆಯಲ್ಲಿ ಒರೆಸುತ್ತ ಕೂತರು. "ಅದ್ರ ಮೇಲೆ ನಡೆದ್ರೆ ಎಲ್ಲಿಗೂ ಹೋಗಲ್ಲ ಮಾರಾಯ್ತಿ. ರಿಪೇರಿ ಮಾಡಿದ್ರೆ ಏನೋ ಒಂದು ಕೆಲ್ಸ ಮಾಡ್ದಂಗಾದ್ರೂ ಆಗತ್ತೆ."

ಸಿಟ್ಟು ಬಂತು. ಬೈಯಲೆಂದು ಬಾಯಿ ತೆರೆದವಳು, ಗ್ರೀಸು ಮೆತ್ತಿದ ಅವರ ಕೈ ನೋಡಿ ಸುಮ್ಮನಾದೆ. ಇಷ್ಟು ದಿನ ಆ ಕೈಗಳು ಮಡಿಲಲ್ಲಿ ಬಿದ್ದುಕೊಂಡಿದ್ದವು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಮುಂದಿನ ಸಲ ಡಾಕ್ಟರು, "ನಡೀತಾರಾ ಅಮ್ಮ?" ಎಂದು ಕೇಳಿದಾಗ ಇವರು ನನ್ನ ಪಕ್ಕದಲ್ಲೇ ಕೂತಿದ್ದರು.

"ನಡೀತಾರೆ," ಎಂದೆ. ಆಮೇಲೆಯೂ ಕೇಳಿದಾಗಲೆಲ್ಲ ಹಾಗೆಯೇ ಅಂದೆ.

ಮಾರನೆಯ ವರ್ಷ ಮಳೆಗಾಲ ಹಿಡಿಯುವ ಮೊದಲು, ತಿಂಡಿ ತಿಂದು ಕೈತೊಳೆಯಲು ಎದ್ದ ಇವರು ಹಿತ್ತಲ ಬಾಗಿಲಲ್ಲಿ ಕುಸಿದರು. ಡಾಕ್ಟರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ದಿನಾ ನಡೆದ್ರೂ ಹೀಗಾಯ್ತಲ್ಲಮ್ಮ. ನೀನು ಮಾಡೋದೆಲ್ಲ ಮಾಡಿದೀಯ, ಕೊರಗಬೇಡ," ಎಂದರು.

ಹೌದೆನ್ನಲೂ ಆಗಲಿಲ್ಲ, ನಿಜ ಹೇಳಲೂ ಆಗಲಿಲ್ಲ. ದಿನವೂ ನಡೆದಿದ್ದರೆ ಇನ್ನಷ್ಟು ವರ್ಷ ಇರುತ್ತಿದ್ದರೋ ಏನೋ ನನಗೆ ತಿಳಿಯದು. ಡಾಕ್ಟರನ್ನು ಕೇಳಿದ್ದರೆ ಹೇಳುತ್ತಿದ್ದರು. ಕೇಳುವ ಧೈರ್ಯ ಬರಲೇ ಇಲ್ಲ.