ತಿರುವಿ ಹಾಕಿದ ಕಲ್ಲು

ಒದ್ದೆಯಾದ ಸುಣ್ಣಗಲ್ಲಿಗೆ ಒಂದು ವಾಸನೆ ಇದೆ. ಶಹಾಬಾದದಲ್ಲಿ ಹುಟ್ಟಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ, ಬೇರೆಯವರಿಗೆ ಹೇಳಿದರೂ ತಿಳಿಯುವುದಿಲ್ಲ. ಹೋದ ತಿಂಗಳು ನನ್ನ ತಮ್ಮ ನಮ್ಮ ಹಳೆಯ ಮನೆಯ ಪಕ್ಕದ ಖೋಲಿಗೆ ಟೈಲ್ಸ್ ಹಾಕಿಸಲೆಂದು ನೆಲ ಕೀಳಿಸುತ್ತಿದ್ದ. ನಾನು ಸುಮ್ಮನೆ ನೋಡಲು ಹೋಗಿದ್ದೆ. ಕೆಲಸದವನು ಹಾರೆ ಹಾಕಿ ನೆಲಕ್ಕೆ ಹಾಸಿದ ಒಂದು ಫರಸಿಕಲ್ಲನ್ನು ಎಬ್ಬಿಸಿ, ಗೋಡೆಗೆ ಆನಿಸಿ ನಿಲ್ಲಿಸಿ, ಅಂಟಿಕೊಂಡಿದ್ದ ಗಾರೆ ತೊಳೆಯಲು ನೀರು ಹೊಯ್ದ. ಆ ವಾಸನೆ ಎದ್ದಿತು.

"ಅಮ್ಮಾ, ಇದರ ತಳಗ ಏನೋ ಕೊರದಾರ ನೋಡ್ರಿ," ಎಂದ.

ನಾನು ಕೂಡಲೇ ನೋಡಲಿಲ್ಲ. ಅಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಅದು ತಳಕ್ಕೆ ಹೋದದ್ದು ಯಾರಿಂದ ಎಂದೂ ಗೊತ್ತಿತ್ತು...

ಆ ಖೋಲಿಯಲ್ಲಿ ಒಂದೂವರೆ ವರ್ಷ ಹೊಲಿಗೆ ಬಾಯಿಯವರು ಬಾಡಿಗೆಗೆ ಇದ್ದರು. ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದರು, ನಮ್ಮ ಕಡೆ ಕಲಿಸುವ ಹೆಂಗಸಿಗೆ ಬಾಯಿ ಎನ್ನುವುದು, ಹಾಗಾಗಿ ಇಡೀ ಓಣಿಗೆ ಹೊಲಿಗೆ ಬಾಯಿ. ಕುಂಚಾವರಂ ಕಡೆಯವರು. ಸಿಟ್ಟು ಬಂದಾಗ ತೆಲುಗು ಬರುತ್ತಿತ್ತು. ರಾಜ್ಯಕ್ಕೆ ಹೊಸ ಹೆಸರು ಬಂದ ಹೊಸತು, ನಮ್ಮ ಶಾಲೆಯ ಬೋರ್ಡಿನ ಮೇಲೆ ಇನ್ನೂ ಮೈಸೂರು ಎಂದೇ ಇತ್ತು. ನಾನು ಆರನೆಯ ಈಯತ್ತೆ. ನಮ್ಮದು ಎರಡು ಕೋಣೆಯಲ್ಲಿ ಒಂಬತ್ತು ಜನರ ಸಂಸಾರ. ನನ್ನದು ಅಂತ ಗೋಡೆಯಲ್ಲಿ ಒಂದು ಮೊಳೆ ಕೂಡ ಇರಲಿಲ್ಲ. ಹಾಗಿರುವಾಗ ಒಬ್ಬ ಹೆಂಗಸು ಒಂದಿಡೀ ಖೋಲಿಯಲ್ಲಿ ಒಬ್ಬರೇ ಇರುವುದು ನನಗೆ ಅನ್ಯಾಯವಾಗಿ ಕಾಣುತ್ತಿತ್ತು. ಸಾಲದ್ದಕ್ಕೆ ಅವರಿಗೆ ಒಂದು ದೇಶವೇ ಇತ್ತು.

ಶಾಲೆ ಬಿಟ್ಟು ಬಂದು, ಚಹಾ ಕುಡಿದು, ಅವರು ಚಾಪೆ ಸರಿಸುತ್ತಿದ್ದರು. ಚೌಕಾಬಾರಾ ಆಡಲು ನಾವು ಕಟ್ಟೆಯ ಕಲ್ಲಿನ ಮೇಲೆ ಮನೆ ಗೀರಿಕೊಳ್ಳುತ್ತಿದ್ದೆವಲ್ಲ, ಹಾಗೆಯೇ ಅವರು ಚಾಪೆಯ ಕೆಳಗಿನ ಫರಸಿಯ ಮೇಲೆ ಕತ್ತರಿಯ ಮೊನೆಯಿಂದ ಗೀರಿದ್ದರು. ಆದರೆ ಅದರಲ್ಲಿ ಚೌಕಗಳಿರಲಿಲ್ಲ. ಮೇಲೆ ಒಂದು ಕೋಟೆ, ನಡುವೆ ಅಡವಿ, ಅಡವಿಯಲ್ಲಿ ರಕ್ಕಸಿಯ ಬಾವಿ, ಕೆಳಗೆ ಅಡ್ಡಲಾಗಿ ಒಂದು ಹೊಳೆ, ಹೊಳೆಯ ಆಚೆ ಒಂದೇ ಒಂದು ಸಣ್ಣ ಮನೆ. ಆ ದೇಶದ ಮಂದಿಯೆಲ್ಲ ಅಂಗಿಯ ಗುಂಡಿಗಳು. ಹಿತ್ತಾಳೆಯದು ಸುಬೇದಾರ. ಅಂಚು ಮುರಿದ ಕರಿಯದು ಕಳ್ಳ. ಎರಡು ಚಿಕ್ಕ ಬಿಳಿಯವು ಅವಳಿ ರಾಜಕುಮಾರರು, ಅವರಿಗೆ ಮಾತಾಡುವ ಕುದುರೆ ಬೇರೆ. ಮುತ್ತಿನ ಬಣ್ಣದ್ದು ರಾಣಿ.

ಎದುರಿಗೆ ಆಡುವವರು ಯಾರೂ ಇರಲಿಲ್ಲ. ಬಾಯಿಯವರು ನಾಲ್ಕು ಕವಡೆ ಹಾಕಿ ಕವಡೆಯನ್ನೇ ಕೇಳುತ್ತಿದ್ದರು. ರಕ್ಕಸಿ ಎಚ್ಚರ ಇದ್ದಾಳೋ? ಸಮ ಬಿದ್ದರೆ ಹೌದು, ಬೆಸ ಬಿದ್ದರೆ ಇಲ್ಲ. ಆಮೇಲೆ ರಕ್ಕಸಿಯಾಗಿ ಅವರೇ ಗದರುತ್ತಿದ್ದರು, ಸುಬೇದಾರನಾಗಿ ಅವರೇ ಮೀಸೆ ತಿರುವುತ್ತಿದ್ದರು, ಕಳ್ಳನಾಗಿ ಅವರೇ ಸುಳ್ಳು ಹೇಳುತ್ತಿದ್ದರು. ಮುಂದೇನಾಗುತ್ತದೆ ಎಂದು ಅವರಿಗೂ ಗೊತ್ತಿರುತ್ತಿರಲಿಲ್ಲ. ಕವಡೆ ಹೇಳಿದ್ದೇ ಆಗಬೇಕು. ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದೆ. ಅವರು ಹೋಗು ಅನ್ನಲಿಲ್ಲ, ಬಾ ಎಂದೂ ಕರೆಯಲಿಲ್ಲ.

ಆಟದಲ್ಲಿ ಯಾರಾದರೂ ಸತ್ತರೆ ಆ ಗುಂಡಿಯನ್ನು ಅವರು ಒಂದು ಬಿಳಿ ಬಟ್ಟೆಯ ಪಟ್ಟಿಗೆ ಹೊಲಿದುಬಿಡುತ್ತಿದ್ದರು. ಹೊಲಿದ ಮೇಲೆ ಅದು ಮತ್ತೆ ಆಟಕ್ಕೆ ಬರುವಂತಿಲ್ಲ. ಸುಬೇದಾರ ಬಾವಿಯ ಹತ್ತಿರ ಸತ್ತ ದಿನ ನನಗೆ ಚೆನ್ನಾಗಿ ನೆನಪಿದೆ. ಸುಬೇದಾರ ಬದುಕುತ್ತಾನೋ ಎಂದು ಕೇಳಿದ್ದಕ್ಕೆ ಒಂದು ಬಿದ್ದಿತ್ತು. ಇನ್ನೊಮ್ಮೆ ಹಾಕಬಾರದೇ ಎಂದು ನನಗೇ ಅನಿಸಿತು, ನೋಡುವವರು ಯಾರಿದ್ದರು? ಅವರು ಹಾಕಲಿಲ್ಲ. ಗುಂಡಿ ಹೊಲಿದು, ಅದರ ಮೇಲೆ ಅಂಗೈ ಇಟ್ಟುಕೊಂಡು ಕೂತರು. ಆ ಸಂಜೆ ಅವರ ಒಲೆ ಹೊತ್ತಲಿಲ್ಲ. ಅವ್ವ ನನ್ನ ಕೈಯಲ್ಲಿ ಎರಡು ರೊಟ್ಟಿ, ಪುಂಡಿಪಲ್ಯ ಕೊಟ್ಟು ಕಳಿಸಿದಳು.

ಗೆಳತಿಗೆ ಹೊಸ ಲಂಗ ಬಂದಾಗ ನನಗೆ ಹೊಟ್ಟೆ ಉರಿದದ್ದುಂಟು. ಅದು ಎರಡು ದಿನದ ಉರಿ. ಗುಂಡಿಗಳನ್ನು ಕಂಡರೆ ಆಗುತ್ತಿದ್ದ ಹೊಟ್ಟೆಕಿಚ್ಚು ಅಂಥದ್ದಲ್ಲ. ನನಗಾಗಿ ಯಾರೂ ಹಾಗೆ ದನಿ ಬದಲಿಸಿ ಮಾತಾಡಿರಲಿಲ್ಲ. ನಾನು ಜ್ವರ ಬಂದು ಮಲಗಿದರೂ ಮನೆಯ ಒಲೆ ಹೊತ್ತುತ್ತಿತ್ತು. ಒಂದು ಹಿತ್ತಾಳೆ ಗುಂಡಿಗೆ ಸಿಕ್ಕ ಮರ್ಯಾದೆ ನನಗೇಕಿಲ್ಲ? ಮುಖ್ಯವಾಗಿ ಆ ರಾಣಿಯನ್ನು ಕಂಡರೆ ಆಗುತ್ತಿರಲಿಲ್ಲ. ಅವಳನ್ನು ಎತ್ತುವಾಗ ಬಾಯಿಯವರು ಎರಡು ಬೆರಳಿನಿಂದ ಎತ್ತುತ್ತಿದ್ದರು, ಇಡುವಾಗ ಸೆರಗಿನಿಂದ ಒರೆಸಿ ಇಡುತ್ತಿದ್ದರು.

ಆ ಚಳಿಗಾಲ ರಾಣಿ ಹೊಳೆಯ ದಂಡೆಗೆ ಬಂದು ನಿಂತಿದ್ದಳು. ದಾಟಲು ನಾಲ್ಕೂ ಕವಡೆ ಬೋರಲು ಬಿದ್ದು ಎಂಟಾಗಬೇಕು. ದಿನಕ್ಕೆ ಒಂದೇ ಸಲ ಹಾಕಬೇಕು. ತಿಂಗಳಾದರೂ ಎಂಟು ಬಿದ್ದಿರಲಿಲ್ಲ. "ಆ ಕಡಿ ಏನದರೀ?" ಎಂದು ಒಮ್ಮೆ ಕೇಳಿದೆ. "ಮನಿ," ಎಂದರು, ಅಷ್ಟೇ.

ಒಂದು ದಿನ ಅವರು ನಲ್ಲಿಗೆ ಹೋದಾಗ ನಾನು ನನ್ನ ಅಂಗಿಯ ಕೆಂಪು ಗುಂಡಿಯನ್ನು ಹಲ್ಲಿನಿಂದ ಕಚ್ಚಿ ಕಿತ್ತು, ದಂಡೆಯ ಮೇಲೆ ರಾಣಿಯ ಪಕ್ಕದಲ್ಲಿ ಇಟ್ಟೆ. ಬಾಯಿಯವರು ಕೊಡ ಇಳಿಸಿ ಬಂದು ನೋಡಿದರು. ಬಹಳ ಹೊತ್ತು ನೋಡಿದರು.

"ಯಾರದವಾ ಇದು?"

"ನಂದರೀ. ನಾನೂ ಹೊಳಿ ದಾಟತೀನಿ."

ಅವರು ಅದನ್ನು ಚಟ್ಟನೆ ಎತ್ತಿಕೊಂಡರು. "ನಿನ್ನ ಗುಂಡಿ ನಿನ್ನ ಅಂಗಿ ಮ್ಯಾಲೇ ಇರಬೇಕು. ಇಲ್ಲಿ ಬಾ." ಸೂಜಿಗೆ ದಾರ ಪೋಣಿಸಿ, ನನ್ನನ್ನು ಹತ್ತಿರ ನಿಲ್ಲಿಸಿಕೊಂಡು, ಗುಂಡಿಯನ್ನು ಅದರ ಜಾಗದಲ್ಲೇ ಗಟ್ಟಿಯಾಗಿ ಹೊಲಿದರು. ಆರೇಳು ಸುತ್ತು ಹಾಕಿ ದಾರ ಕಚ್ಚಿದರು. ಹೊಲಿದ ಗುಂಡಿ ಎಂದರೆ ಏನೆಂದು ನನಗೆ ಗೊತ್ತಿತ್ತಲ್ಲ. ಕವಡೆಯ ಒಂದು ಗರ ಕೂಡ ಹಾಕದೆ ನನ್ನನ್ನು ಸಾಯಿಸಿದರು ಎಂದುಕೊಂಡೆ. ಅಳಲಿಲ್ಲ. ನೆಟ್ಟಗೆ ಅಪ್ಪನ ಹತ್ತಿರ ಹೋದೆ.

ಅಪ್ಪ ಕಲ್ಲಿನ ಯಾರ್ಡಿನಲ್ಲಿ ಪಾಲಿಶ್ ಕೆಲಸದವನು. ಆ ಖೋಲಿಯ ಫರಸಿಗಳನ್ನು ಭಾನುವಾರಗಳಲ್ಲಿ ಕೂತು ತಾನೇ ತಿಕ್ಕಿ ಹಾಕಿದ್ದ. ಬಂದವರಿಗೆಲ್ಲ ಆ ನೆಲ ತೋರಿಸುತ್ತಿದ್ದ. ಬಾಯಿ ನಿನ್ನ ಕಲ್ಲು ಕೆಡಿಸಿದ್ದಾರೆ ಎಂದೆ. ನಾನು ಹೇಳಿದ್ದರಲ್ಲಿ ಸುಳ್ಳು ಒಂದಕ್ಷರ ಇರಲಿಲ್ಲ. ಇವತ್ತಿಗೂ ಅದೇ ನನಗೆ ಚುಚ್ಚುತ್ತದೆ.

ಅಪ್ಪ ಕೂಗಾಡುವವನಲ್ಲ. ಚಾಪೆ ಸರಿಸಿ ನೋಡಿ, ಗೀರುಗಳ ಮೇಲೆ ಬೆರಳಾಡಿಸಿದ. "ಬಾಯಾರೇ, ಇದು ನನ್ನ ಕೈಲೆ ತಿಕ್ಕಿದ ಕಲ್ಲರೀ," ಎಂದ.

"ತಪ್ಪಾತರೀ. ಇದೊಂದು ಹೊಳಿ ದಾಟೋತನಕ..." ಎಂದು ಬಾಯಿಯವರು ಶುರು ಮಾಡಿ ನಿಲ್ಲಿಸಿದರು.

"ಯಾವ ಹೊಳಿರೀ?" ಎಂದ ಅಪ್ಪ, ನಿಜವಾಗಿಯೂ ತಿಳಿಯದೆ. ಅವರು ಬಗ್ಗಿ ದಂಡೆಯ ಮೇಲಿನ ರಾಣಿಯನ್ನು ಎತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

ನಮ್ಮ ಕಡೆ ಗೀರು ಬಿದ್ದ ಫರಸಿಯನ್ನು ಯಾರೂ ಒಗೆಯುವುದಿಲ್ಲ, ತಿರುವಿ ಹಾಕುತ್ತಾರೆ. ಮರುದಿನ ಮಧ್ಯಾಹ್ನ ಅಪ್ಪ ಯಾರ್ಡಿನಿಂದ ಇಬ್ಬರನ್ನು ಕರೆತಂದು ಆ ಕಲ್ಲನ್ನೂ ತಿರುವಿ ಹಾಕಿಸಿದ. ಕೋಟೆ, ಅಡವಿ, ಹೊಳೆ ಎಲ್ಲ ಗಾರೆಯೊಳಗೆ ಹೋದವು. ಒರಟು ಮಗ್ಗಲು ಮೇಲೆ ಬಂತು. ಬಾಯಿಯವರು ಸೆರಗಿನ ಗಂಟು ಬಿಗಿಹಿಡಿದು ಮೂಲೆಯಲ್ಲಿ ನಿಂತಿದ್ದರು. ಕೆಲಸದವರು ಹೋದ ಮೇಲೆ ಪಟ್ಟಿ ತೆಗೆದು, ಉಳಿದ ಗುಂಡಿಗಳನ್ನು ಒಂದೊಂದಾಗಿ ಹೊಲಿದರು. ಕಳ್ಳ, ರಾಜಕುಮಾರರು, ಎಲ್ಲರೂ. ಕವಡೆ ಮುಟ್ಟಲಿಲ್ಲ. ಕೊನೆಗೆ ಗಂಟು ಬಿಚ್ಚಿ ರಾಣಿಯನ್ನೂ ಹೊಲಿದರು. ನಾನು ಚೌಕಟ್ಟಿಗೆ ಒರಗಿ ಎಲ್ಲವನ್ನೂ ನೋಡಿದೆ. ಗೆದ್ದೆ ಅನಿಸಿತು, ಯಾಕೆ ಮುಚ್ಚಿಡಲಿ.

ಬೇಸಿಗೆಯಲ್ಲಿ ಅವರಿಗೆ ಚಿಂಚೋಳಿಗೆ ವರ್ಗವಾಯಿತು. ಟ್ರಂಕು, ಹೊಲಿಗೆ ಮಷಿನ್ ಬಂಡಿಗೆ ಹೇರಿಕೊಂಡು ಹೋದರು. ಹೋಗುವಾಗ ನನ್ನ ಅಂಗಿಯ ಗುಂಡಿಯನ್ನು ಒಮ್ಮೆ ಜಗ್ಗಿ ನೋಡಿ, "ಗಟ್ಟಿ ಅದ," ಎಂದರು. ಆಮೇಲೆ ಖೋಲಿ ಗುಡಿಸುತ್ತ ಅವ್ವ ನನ್ನತ್ತ ನೋಡದೆಯೇ ಹೇಳಿದಳು.

"ಆಕಿ ಮಂದಿ ಒಬ್ಬರೂ ಉಳಿದಿಲ್ಲ. ಒಂದೇ ಬ್ಯಾಸಗಿಯಾಗ ಬ್ಯಾನಿ ಬಂದು ಹ್ವಾದ್ರಂತ. ಅವರ ಅಂಗಿ ಯಾರಿಗೋ ಕೊಡಾಗ ಗುಂಡಿ ಅಷ್ಟು ಕಿತ್ತು ಇಟಗೊಂಡಾಳ. ಹಿತ್ತಾಳಿದು ಗಂಡಂದು. ಮುತ್ತಿನ ಬಣ್ಣದ್ದು ಮಗಳದು. ನಿನ್ನ ವಾರಿಗಿದೇ, ನಿನ್ನಷ್ಟೇ ಇತ್ತಂತ."

ನಾನು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತೆ. ಕೆಂಪು ಗುಂಡಿ ಎದೆಯ ಮೇಲೆ ಇತ್ತು. ಅದನ್ನು ಅಲ್ಲೇ ಇರಿಸಲು ಅವರು ಅಷ್ಟೊಂದು ಸುತ್ತು ದಾರ ಯಾಕೆ ಹಾಕಿದರೆಂದು ಆಗ ತಿಳಿಯಿತು. ಸತ್ತ ಹುಡುಗಿಯೊಬ್ಬಳ ಮೇಲೆ ಹೊಟ್ಟೆಕಿಚ್ಚು ಪಟ್ಟು, ಅವಳನ್ನು ಮನೆ ಸೇರದಂತೆ ಮಾಡಿದ್ದೆ.

ಆ ಫರಸಿಯನ್ನು ತಮ್ಮನಿಂದ ಕೇಳಿ ಇಸಿದುಕೊಂಡು ಬಂದೆ. "ಹಳೀ ಕಲ್ಲಿನ ಮ್ಯಾಲ ಏನ್ ಜೀವ ಅಕ್ಕಾ ನಿಂದು," ಎಂದು ನಕ್ಕ. ಈಗ ಅದು ನನ್ನ ಹಿತ್ತಲ ಪಡಸಾಲೆಯಲ್ಲಿ ಇದೆ. ಗೀರುಗಳಲ್ಲಿ ಸುಣ್ಣ ತುಂಬಿ ಹೊಳೆ ಬೆಳ್ಳಗೆ ಕಾಣುತ್ತದೆ. ನನ್ನ ಯಜಮಾನರು ತೀರಿಕೊಂಡು ಮೂರು ವರ್ಷವಾಯಿತು. ಅವರ ಒಂದು ಅಂಗಿ ಕಪಾಟಿನಲ್ಲಿತ್ತು. ಮೇಲಿನ ಗುಂಡಿ ಕಿತ್ತು ದಂಡೆಯ ಮೇಲೆ ಇಟ್ಟು ಕವಡೆ ಹಾಕಿದೆ. ಮೂರು ಬಿತ್ತು. ದಿನಕ್ಕೆ ಒಂದೇ ಸಲ, ಆದ್ದರಿಂದ ಎತ್ತಿಟ್ಟೆ.

ಬಾಯಿಯವರನ್ನೂ ಅಲ್ಲಿ ತಂದು ನಿಲ್ಲಿಸಬೇಕೆಂದು ಆಸೆ. ಇಷ್ಟು ಹೊತ್ತಿಗೆ ಅವರು ಹೋಗಿರುತ್ತಾರೆ. ಚಿಂಚೋಳಿಯ ಯಾವುದೋ ಮನೆಯಲ್ಲಿ ಯಾರೋ ಅವರ ಟ್ರಂಕು ತೆಗೆದು, ಆ ಪಟ್ಟಿಯನ್ನೂ, ಅವರ ಕುಪ್ಪಸಗಳನ್ನೂ ಎತ್ತಿಕೊಂಡಿರುತ್ತಾರೆ. ಆ ಯಾರೋ ಒಬ್ಬರ ಮೇಲೆ ಈ ವಯಸ್ಸಿನಲ್ಲೂ ನನಗೆ ಹೊಟ್ಟೆಕಿಚ್ಚು. ಅವರು ಗುಂಡಿ ಹೊಲಿದುಕೊಟ್ಟ ನನ್ನ ಅಂಗಿಯನ್ನು ಅವ್ವ ಯಾವತ್ತೋ ಹಳೇ ಬಟ್ಟೆಯವಳಿಗೆ ಕೊಟ್ಟು ಸ್ಟೀಲಿನ ಡಬ್ಬಿ ತೆಗೆದುಕೊಂಡುಬಿಟ್ಟಳು. ಅವರದು ಅಂತ ನನ್ನ ಹತ್ತಿರ ಒಂದು ಗುಂಡಿಯೂ ಇಲ್ಲ.