ಕುಂಬಳದ ಬಳ್ಳಿಯ ಸಣ್ಣ ದುಂಬಿ

ಇವತ್ತು ಬೆಳಿಗ್ಗೆ ಪಲ್ಯಕ್ಕೆಂದು ಕುಂಬಳದ ಕುಡಿ ಚಿವುಟುತ್ತಿದ್ದೆ. ಎಲೆಯ ಅಡಿಯಿಂದ ಕೆಂಪು ದುಂಬಿಯೊಂದು ಅಂಗೈಗೆ ಬಿತ್ತು. ಎಲೆಯನ್ನೆಲ್ಲ ಜರಡಿ ಮಾಡುವ ಈ ಪಾಪಿಯನ್ನು ಹೊಸಕಿಹಾಕಬೇಕು, ನಿಜ. ನನ್ನಿಂದ ಆಗಲಿಲ್ಲ. ಯಾಕೆಂದು ಹೇಳುತ್ತೇನೆ, ನಗಬೇಡಿ.

ಐದಾರು ವರ್ಷದ ಹಿಂದೆ ದೇವನೂರಿನ ನಮ್ಮ ಹಿತ್ತಿಲಿಗೆ ಕೀಟಗಳ ವಿಷಯ ಓದುತ್ತಿದ್ದ ಹುಡುಗಿಯೊಬ್ಬಳು ಬಂದಿದ್ದಳು. ಎಲೆ ತಿನ್ನುವ ದುಂಬಿಗಳು ಒಂದೇ ಬಳಗದವಾದರೂ ಒಂದು ಗುಂಡಗೆ, ಒಂದು ಉದ್ದಕ್ಕೆ, ಒಂದು ದೊಡ್ಡದು, ಒಂದು ಚಿಕ್ಕದು ಇರುತ್ತವಂತೆ. ಲಿಂಗದಹಳ್ಳಿಯ ಬೆಟ್ಟದ ಕಡೆಯವನ್ನೂ ನಮ್ಮ ಬಯಲಿನವನ್ನೂ ಅಳೆದು ನೋಡುವುದು ಅವಳ ಕೆಲಸ. ಹಿಡಿದುಕೊಡುವುದನ್ನು ನಾನೇ ಮೈಮೇಲೆ ಹಾಕಿಕೊಂಡೆ. ರಿಟೈರಾದ ಮೇಷ್ಟ್ರಿಗೆ ಬೇರೇನು ಕೆಲಸ?

ನಾನು ದುಂಬಿ ಹಿಡಿದಿಟ್ಟ ಡಬ್ಬಿ ತೆರೆದವಳೇ ಹುಡುಗಿ ಹುಬ್ಬು ಗಂಟಿಕ್ಕಿದಳು. "ಸಾರ್, ಸಣ್ಣವು ಎಲ್ಲಿ?"

"ಮರಿಗಳು ಕಣಮ್ಮ. ಪಾಪ ಅಂತ ಬಿಟ್ಬಿಟ್ಟೆ."

"ಅಯ್ಯೋ ಸಾರ್! ಮಣ್ಣೊಳಗೆ ಹುಳ ಆಗಿದ್ದಾಗ್ಲೇ ಬೆಳೆಯೋದೆಲ್ಲ. ರೆಕ್ಕೆ ಬಂದ್ಮೇಲೆ ಒಂದು ಚೂರೂ ಬೆಳೆಯಲ್ಲ. ಸಣ್ಣಕ್ಕಿದ್ರೂ ಅವು ದೊಡ್ಡೋವೇ."

ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ನನ್ನ ತಂಗಿಯ ಕೈ ನಿಂತಿತು.

ನಾವು ಅಣ್ಣತಮ್ಮಂದಿರೆಲ್ಲ ತೆಂಗಿನ ಮರ; ಅವಳೊಬ್ಬಳು ನಮ್ಮ ಎದೆಮಟ್ಟಕ್ಕೂ ಬಾರದ ಕುಳ್ಳಿ. ನಲವತ್ತು ದಾಟಿದರೂ ಮನೆಗೆಲ್ಲ 'ಪುಟ್ಟಿ'. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂದು ಹೊಗಳುತ್ತಿದ್ದೆವು, ಆದರೆ ಯಾವ ವಿಷಯಕ್ಕೂ ಅವಳನ್ನೊಂದು ಮಾತು ಕೇಳುತ್ತಿರಲಿಲ್ಲ. ಆ ವಾರವಷ್ಟೇ ತರೀಕೆರೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವರೊಬ್ಬರು, ಹೆಂಡತಿ ತೀರಿಕೊಂಡವರು, ಹೆಣ್ಣು ಕೇಳಿಕೊಂಡು ಬಂದಿದ್ದರು. "ಅದಿನ್ನೂ ಮಗು ಇದ್ದಂಗೆ, ಸಂಸಾರ ಎಲ್ಲಿ ತೂಗಿಸ್ತದೆ" ಎಂದು ನಾನೇ ಕೈಮುಗಿದು ಕಳಿಸಿಬಿಟ್ಟಿದ್ದೆ. ಒಳಗಿದ್ದ ಅವಳಿಗೆ ಅದು ಕೇಳಿಸಿತ್ತೆಂದು ನನಗೆ ಗೊತ್ತಿರಲಿಲ್ಲ.

"ಅಣ್ಣ, ತರೀಕೆರೆಯೋರ ನಂಬರ್ ಕೊಡು" ಎಂದಳು.

"ಯಾಕೇ?"

"ಕೊಡು ಅಂದೆ."

ನಮ್ಮೆದುರೇ ಫೋನ್ ಮಾಡಿದಳು. ದನಿ ಗಟ್ಟಿಯಾಗಿತ್ತು. "ನಮ್ಮಣ್ಣ ಬೇಡ ಅಂದ್ಬಿಟ್ರು. ಕೇಳ್ಬೇಕಾಗಿದ್ದು ನನ್ನನ್ನ ಕಣ್ರೀ. ನಂಗೆ ಒಪ್ಗೆ ಐತೆ. ನಿಮಗೆ ಈಗ್ಲೂ ಮನಸ್ಸಿದ್ರೆ ಹೇಳಿ."

ಉತ್ತರಕ್ಕೆ ಕಾಯುತ್ತಾ ಕಣ್ಣು ಮುಚ್ಚಿಕೊಂಡಳು. ಆಮೇಲೆ "ಸರಿ, ಭಾನ್ವಾರ ಬನ್ನಿ" ಎಂದಳು. ನಾನು ನಾಚಿಕೆಯಿಂದ ನೆಲ ನೋಡುತ್ತಾ ನಿಂತಿದ್ದೆ.

ಮದುವೆಯಲ್ಲಿ ಓಡಾಡಿದೆ, ಉಡುಗೊರೆ ಕೊಟ್ಟೆ. ಹೇಳಬೇಕಾದ ಒಂದು ಮಾತು ಮಾತ್ರ ಇಷ್ಟು ವರ್ಷ ನನ್ನಲ್ಲೇ ಉಳಿದಿತ್ತು. ಇವತ್ತು ದುಂಬಿಯನ್ನು ಬಳ್ಳಿಗೇ ಬಿಟ್ಟು ಅವಳಿಗೆ ಫೋನ್ ಮಾಡಿದೆ.

"ಅವತ್ತು ನಿನ್ನ ಕೇಳ್ದೇನೇ ಬೇಡ ಅಂದ್ಬಿಟ್ಟಿದ್ದೆ. ತಪ್ಪಾಯ್ತಮ್ಮ."

ಆ ಕಡೆ ಹೊಲಿಗೆ ಮಿಷಿನ್ನಿನ ಸದ್ದು ನಿಂತಿತು. ನಾನು ಮೂಗು ಒರೆಸಿಕೊಂಡದ್ದು ಅವಳಿಗೆ ಕೇಳಿಸಿರಬೇಕು.

"ಅಷ್ಟಕ್ಕೆಲ್ಲ ಅಳ್ತಾರೇನಣ್ಣ?" ಎಂದಳು ನನ್ನ ತಂಗಿ. "ಕಣ್ಣೊರೆಸ್ಕೊ. ತಿಂಡಿ ತಿಂದ್ಯಾ?"